ಬಸ್ಸಮ್ಮನ ಮಣ್ಣು

ಬಸ್ಸಮ್ಮ ಸತ್ತದ್ದು ಬೆಳಗಿನ ಜಾವ. ಸುದ್ದಿ ಊರಿಡೀ ಹರಡುವ ಹೊತ್ತಿಗೆ ಬಿಸಿಲು ಏರಿತ್ತು, ಆದರೂ ಅವಳ ಅಂಗಳಕ್ಕೆ ಯಾರೂ ಬಂದಿರಲಿಲ್ಲ. ಬಂದವಳು ಗ್ಯಾನಮ್ಮ ಒಬ್ಬಳೇ. ಹೆಣದ ತಲೆಯ ಕಡೆ ಕೂತು ಸೆರಗಿನಿಂದ ನೊಣ ಓಡಿಸತೊಡಗಿದಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು, ಒಂದೇ ಸಾಲಿನಲ್ಲಿ ಕಳೆ ತೆಗೆದವರು. ಈಗ ಒಬ್ಬಳಿಗೆ ಬಿಡುಗಡೆಯಾಗಿತ್ತು. ಗ್ಯಾನಮ್ಮನಿಗೆ ಒಂದು ಗಳಿಗೆ ಹೊಟ್ಟೆಕಿಚ್ಚೇ ಆಯಿತು.

ಬಸ್ಸಮ್ಮನ ಮಗ ಮಾಳಿಂಗರಾಯ ಜೈಲಿನಲ್ಲಿದ್ದ. ನಾಲ್ಕು ಹೆಂಗಸರನ್ನು ಕೊಂದವನು. ಐದನೆಯವಳು ಗ್ಯಾನಮ್ಮನ ಮಗಳು ಜೋಗಮ್ಮ ಎಂದು ಊರು ನಂಬಿತ್ತು, ಪೊಲೀಸರೂ ನಂಬಿದ್ದರು. ಆದರೆ ಹೆಣ ಸಿಕ್ಕಿರಲಿಲ್ಲ, ಅವನು ಬಾಯಿ ಬಿಟ್ಟಿರಲಿಲ್ಲ. ಹೆಣವಿಲ್ಲದ ಕೊಲೆಯನ್ನು ಕೋರ್ಟು ಮುಟ್ಟಲಿಲ್ಲ. ಗ್ಯಾನಮ್ಮನಿಗೆ ಕೋರ್ಟು ಬೇಕೂ ಇರಲಿಲ್ಲ. ಮಗಳು ಎಲ್ಲಿದ್ದಾಳೆ ಎನ್ನುವುದಷ್ಟೇ ಗೊತ್ತಾದರೆ ಸಾಕಿತ್ತು. ಅದೊಂದನ್ನೇ ಕೇಳಿ ಕೇಳಿ ಹನ್ನೊಂದು ವರ್ಷ ಸವೆದಿದ್ದವು.

ಮಾಳಿಂಗರಾಯನ ಕಥೆಯನ್ನು ಈಗ ಮಸ್ಕಿಯಿಂದ ಸಿಂಧನೂರಿನ ತನಕ ಟಂಟಂ ಆಟೋದಲ್ಲಿ ಕೂತವರೆಲ್ಲ ಹೇಳುತ್ತಾರೆ, ಒಬ್ಬೊಬ್ಬರು ತಮ್ಮ ಪಾಲಿನದೊಂದು ಹೆಣ ಸೇರಿಸಿ. ನಿಜವಾದ ಕಥೆ ಅಷ್ಟು ರುಚಿಯಾಗಿಲ್ಲ. ಸಂತೆಕಲ್ಲೂರಿನಾಚೆಯ ಈ ಊರಲ್ಲಿ ಜೋಳ, ತೊಗರಿ ಬಿಟ್ಟರೆ ಬೇರೆ ಪೀಕಿಲ್ಲ. ಅವನು ಸಣ್ಣವನಿದ್ದಾಗ ಕುರಿ ಕಾಯುತ್ತಿದ್ದ. ಮೀಸೆ ಬಂದ ಮೇಲೆ ಮೇಸ್ತ್ರಿಯಾದ. ಇಲ್ಲಿಯ ಹೆಂಗಸರನ್ನು ಕೂಡಿಸಿಕೊಂಡು ಕಾಲುವೆಯ ನೀರಿರುವ ಗೊರೇಬಾಳ, ವಳಕಮದಿನ್ನಿ ಕಡೆ ಭತ್ತದ ಸಸಿ ಹಚ್ಚಲು ಕರೆದೊಯ್ಯುವುದು ಅವನ ಕೆಲಸ. ಮೆತ್ತಗಿನ ಮಾತು. ಕುಡಿತವಿಲ್ಲ, ಜೂಜಿಲ್ಲ. ಊರಲ್ಲಿ ಯಾರು ಸತ್ತರೂ ಹಾರೆ, ಸಲಿಕೆ ಹಿಡಿದು ಕುಣಿ ತೋಡಲು ಮೊದಲು ನಿಲ್ಲುವವನು ಅವನೇ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಬಸ್ಸಮ್ಮ ಬೈದರೆ ಹಲ್ಲು ಕಿರಿಯುತ್ತಿದ್ದ.

ಕಾಲುವೆಯಲ್ಲಿ ಒಬ್ಬ ಹೆಂಗಸಿನ ಹೆಣ ತೇಲಿದಾಗ ಕಾಲು ಜಾರಿರಬೇಕು ಎಂದರು. ಎರಡನೆಯದು ತೇಲಿದಾಗ ಗಂಡನ ಕಾಟ ಎಂದರು. ಬಡವರ ಹೆಂಗಸರ ಸಾವಿಗೆ ಕಾರಣ ಹುಡುಕಲು ಯಾರಿಗೂ ಬಹಳ ಹೊತ್ತು ಬೇಕಾಗುವುದಿಲ್ಲ. ನಾಲ್ಕನೆಯವಳ ಬೆಂಡೋಲೆಯನ್ನು ಅವನು ಲಿಂಗಸುಗೂರಿನ ಪತ್ತಾರನ ಅಂಗಡಿಗೆ ಮಾರಲು ಒಯ್ದ. ಅದು ಆ ಪತ್ತಾರನೇ ಮಾಡಿಕೊಟ್ಟಿದ್ದ ಬೆಂಡೋಲೆ. ಸಿಕ್ಕಿಬಿದ್ದ. ಯಾಕೆ ಕೊಂದೆ ಎಂದು ಜಡ್ಜರು ಕೇಳಿದಾಗ ತಲೆ ಕೆಳಗೆ ಹಾಕಿ ನಿಂತನಂತೆ. ಅವನಿಗೇ ಗೊತ್ತಿತ್ತೋ ಇಲ್ಲವೋ.

ಮೊದಲು ಗಲ್ಲು ಎಂದರು. ಊರಲ್ಲಿ ಪೇಢಾ ಹಂಚಿದರು. ಆಮೇಲೆ ಮೇಲಿನ ಕೋರ್ಟು ಅದನ್ನು ಉಸಿರಿರುವ ತನಕ ಜೈಲು ಎಂದು ತಿದ್ದಿತು. ಗಲ್ಲು ತಪ್ಪಿದ್ದಕ್ಕೆ ಸಮಾಧಾನಪಟ್ಟವರು ಈ ಊರಲ್ಲಿ ಇಬ್ಬರೇ. ಒಬ್ಬಳು ಬಸ್ಸಮ್ಮ, ಹೆತ್ತವರಿಗೆ ಹೆಗ್ಗಣ ಮುದ್ದು, ಅದರಲ್ಲಿ ಹೇಳುವುದೇನೂ ಇಲ್ಲ. ಇನ್ನೊಬ್ಬಳು ಗ್ಯಾನಮ್ಮ. ಸತ್ತವನ ಬಾಯಿಂದ ಮಾತು ಹೊರಡುವುದಿಲ್ಲವಲ್ಲ.

ಬಸ್ಸಮ್ಮ ಮಗನನ್ನು ನೋಡಲು ಬಸ್ಸು ಹಿಡಿದು ಜೈಲಿಗೆ ಹೋಗುತ್ತಿದ್ದಳು. ಅವನ ಮುಖ ಕಂಡೊಡನೆ ಅವಳು ಕೇಳುತ್ತಿದ್ದ ಮೊದಲ ಮಾತು ಜೋಗಮ್ಮನದೇ. ಅವಳು ವಾಪಸು ಬರುವ ದಿನ ಗ್ಯಾನಮ್ಮ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಬಸ್ಸಮ್ಮ ಇಳಿದು ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದಳು. ಅಷ್ಟೆ. ಆಮೇಲೆ ಇಬ್ಬರೂ ಒಬ್ಬರ ಹಿಂದೊಬ್ಬರು ಮನೆ ಸೇರುತ್ತಿದ್ದರು.

ಹೊತ್ತೇರುತ್ತಿದ್ದಂತೆ ದೈವದವರು, ಅಂದರೆ ಊರಿನ ಹಿರೀಕರು, ಅಂಗಳದ ಎದುರಿನ ಬೇವಿನ ಮರದ ಕೆಳಗೆ ಕೂಡಿದರು. ಊರಿನ ಅಯ್ಯನವರಾದ ಕರಿಬಸಯ್ಯ ಎಲ್ಲರ ಪರವಾಗಿ ಗ್ಯಾನಮ್ಮನ ಬಳಿ ಬಂದು ನಿಂತರು.

"ಗ್ಯಾನವ್ವ, ಮಣ್ಣಿಗಂತ ಅವನ್ನ ಒಂದು ದಿನದ ಮಟ್ಟಿಗೆ ಬಿಟ್ಟಾರಂತ. ಪೊಲೀಸ್ರು ಕರಕೊಂಡು ಬರಾಕತ್ತಾರ. ಜೋಗವ್ವ ಎಲ್ಲಿ ಅದಾಳ ಅಂತ ಅವ ಬಾಯಿ ಬಿಡೂತನಕ ಈ ಹೆಣಕ್ಕ ಯಾರೂ ಹೆಗಲು ಕೊಡಬಾರದು ಅಂತ ದೈವದವರು ಮಾತಾಡ್ಯಾರ. ನಿನ್ನ ಸಲುವಾಗಿನ ನೋಡು."

ತನ್ನ ಸಲುವಾಗಿ! ಊರಿನವರಿಗೆ ಇಷ್ಟು ವರ್ಷ ತನ್ನ ನೆನಪು ಬಂದಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಜೋಗಮ್ಮ ಕಾಣೆಯಾದಾಗ ಇದೇ ಹಿರೀಕರು, ಹುಡುಗಿ ಯಾರ ಜೊತೆಗೋ ಓಡಿಹೋಗಿದ್ದಾಳೆ, ಬಾಯಿ ಮುಚ್ಚಿಕೊಂಡಿರಿ, ಮನೆಯ ಮರ್ಯಾದೆ ಹೋಗುತ್ತದೆ ಎಂದಿದ್ದರು. ಮಾಳಿಂಗರಾಯ ಸಿಕ್ಕಿಬಿದ್ದ ಮೇಲೆಯೇ ಅವಳ ಹೆಸರಿಗೆ ಅಂಟಿದ ಮಣ್ಣು ಉದುರಿದ್ದು. ಆದರೆ ಗ್ಯಾನಮ್ಮ ಏನೂ ಕೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೆಣವನ್ನು ಒತ್ತೆ ಇಡುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೂ ಒಳಗೆಲ್ಲೋ ಆಸೆ ಮಿಸುಕಾಡಿತು. ಆ ಆಸೆಗೆ ಅವಳಿಗೇ ನಾಚಿಕೆಯಾಯಿತು.

ಪೊಲೀಸ್ ವ್ಯಾನು ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಹೆಡ್‌ಕಾನ್‌ಸ್ಟೇಬಲ್ ಅಮೀನ್‌ಸಾಬ್ ಮೊದಲು ಇಳಿದರು, ಅವರ ಹಿಂದೆ ಬೇಡಿ ಹಾಕಿದ ಮಾಳಿಂಗರಾಯ. ತಲೆ ನೆರೆತಿತ್ತು, ಹೊಟ್ಟೆ ಬಂದಿತ್ತು. ಟಂಟಂನವರು ಹೇಳುವ ರಾಕ್ಷಸ ಇವನೇ ಎಂದರೆ ಯಾರೂ ನಂಬಲಿಕ್ಕಿಲ್ಲ. ಸೊಸೈಟಿಯ ಮುಂದೆ ಗೊಬ್ಬರಕ್ಕೆ ಪಾಳಿ ಹಚ್ಚಿದವನಂತೆ ನಿಂತಿದ್ದ. ತಾಯಿಯ ಪಾದದ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. ಅಂಗಳದ ಮೂಲೆಯಲ್ಲಿ ಹೆಣ ಹೊರುವ ಸಿದಿಗಿ ಸಿದ್ಧವಿತ್ತು. ಹೊರುವವರು ಮರದ ಕೆಳಗೆ ಕೂತೇ ಇದ್ದರು.

"ಹೊತ್ತು ಮುಳುಗೂದ್ರಾಗ ಹೊಳ್ಳಿ ಹೊಂಡಬೇಕ್ರಿ ಅಯ್ಯನೋರ. ಸಾಹೇಬ್ರ ಹುಕುಂ ಐತಿ" ಎಂದರು ಅಮೀನ್‌ಸಾಬ್.

"ನಾವು ಒಲ್ಲೆ ಅಂದಿಲ್ರಿ" ಎಂದರು ಕರಿಬಸಯ್ಯ. "ಅವನ ಬಾಯಾಗ ಒಂದು ಮಾತು ಉಳದೈತಿ. ಅದು ಹೊರಗ ಬಂದ್ರ ನಾಕು ಮಂದಿ ಏಳ್ತಾರ."

ಮಾಳಿಂಗರಾಯ ಎಲ್ಲವನ್ನೂ ಕೇಳಿಸಿಕೊಂಡ. ತಲೆ ಎತ್ತದೆಯೇ, "ಇಕಿ ಏನು ತಪ್ಪು ಮಾಡ್ಯಾಳ್ರಿ?" ಎಂದ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ನೊಣಗಳು ಹೆಚ್ಚಾದವು. ಅಮೀನ್‌ಸಾಬ್ ಎರಡು ಸಲ ಫೋನಿನಲ್ಲಿ ಮಾತಾಡಿದರು. ಮರದ ಕೆಳಗಿದ್ದವರು ಎಲೆಅಡಿಕೆ ಹಾಕಿಕೊಂಡರು, ಉಗುಳಿದರು, ಕೂತರು. ಹೆಣದಿಂದ ವಾಸನೆ ಏಳತೊಡಗಿತು.

ಗ್ಯಾನಮ್ಮನ ಕೈ ಸೋತುಹೋಯಿತು. ಸೆರಗು ಬೀಸುವುದನ್ನು ನಿಲ್ಲಿಸಿದಳು. ಬಸ್ಸಮ್ಮನ ಬಾಯಿ ತುಸು ತೆರೆದಿತ್ತು, ಅದನ್ನು ಮುಚ್ಚಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಹೇಳಬ್ಯಾಡ ಬಿಡೋ ಮಾಳ್ಯಾ" ಎಂದಳು. "ನನಗೂ ಸಾಕಾಗೈತಿ. ಕೇಳಿ ಕೇಳಿ ನಿಮ್ಮವ್ವನೂ ಸತ್ಲು, ನಾನೂ ಸಾಯ್ತೀನಿ. ಇವರು ಯಾರೂ ಏಳೂದು ಬ್ಯಾಡ. ನನ್ನ ಸೊಸಿನ್ನ ಕರಕೊಂಡು ನಾನ ಹೊತಗೊಂಡು ಹೋಗ್ತೀನಿ. ಇಬ್ರ ಕೈಲೆ ಆಗಲಿಲ್ಲಂದ್ರ ಬಂಡ್ಯಾಗ ಹಾಕ್ತೀನಿ. ಇಕಿ ಹಿಂಗ ಬೀಳೂದು ನನಗ ನೋಡಾಕ ಆಗವಲ್ದು."

ಹಾಗೆಂದು ನೆಲಕ್ಕೆ ಕೈಯೂರಿ ಎದ್ದಳು. ಅದು ಹಟದ ಮಾತಾಗಿರಲಿಲ್ಲ, ಉಪಾಯವೂ ಆಗಿರಲಿಲ್ಲ. ಅವಳು ನಿಜಕ್ಕೂ ಮಗಳನ್ನು ಕೈಬಿಟ್ಟಿದ್ದಳು. ಸೊಸೆ ಮಹಾಲಕ್ಷ್ಮಿಯನ್ನು ಕೂಗಲು ಬಾಯಿ ತೆರೆದಾಗ ಮಾಳಿಂಗರಾಯ ಮಾತಾಡಿದ.

"ಚಿಗವ್ವ. ನಿಮ್ಮ ಮಾವ ಸತ್ತಾಗ ಕುಣಿ ಕಾದಾವ ನಾನು."

ಗ್ಯಾನಮ್ಮ ನಿಂತಳು.

ಅವಳ ಮಾವ ಗದ್ದೆಪ್ಪ ಸತ್ತದ್ದು ಮತ್ತು ಜೋಗಮ್ಮ ಕಾಣೆಯಾದದ್ದು ಒಂದೇ ದಿನ. ಗದ್ದೆಪ್ಪನ ಹಿರಿಯ ಮಗ ಪುಣೆಯಿಂದ ಬರಬೇಕಿತ್ತು. ಮಣ್ಣು ಮರುದಿನಕ್ಕೆ ಹೋಯಿತು. ಕುಣಿಯನ್ನು ಮಾತ್ರ ಸಂಜೆಗೇ ತೋಡಿ ಮುಗಿಸಿದ್ದರು. ತೋಡಿದ ಕುಣಿಯನ್ನು ಬರಿದೆ ಬಿಡಬಾರದು, ಬಿಟ್ಟರೆ ಅದು ಇನ್ನೊಬ್ಬರನ್ನು ಬೇಡುತ್ತದೆ ಎಂಬುದು ಈ ಕಡೆಯ ನಂಬಿಕೆ. ಯಾರಾದರೂ ಅದರ ದಂಡೆಗೆ ಕೂತು ಕಾಯಬೇಕು. ನಾನು ಕಾಯುತ್ತೇನೆ ಎಂದು ಮಾಳಿಂಗರಾಯ ಉಳಿದಿದ್ದ. ಎಂಥ ಹುಡುಗ ಎಂದು ಆ ದಿನ ಎಲ್ಲರೂ ಹೊಗಳಿದ್ದರು, ಗ್ಯಾನಮ್ಮನೂ.

"ಕುರಿಮರಿ ತಪ್ಪಿಸಿಕೊಂಡೈತಿ ಅಂತ ಹುಡುಕ್ಯೋತ ಆ ಕಡೆ ಬಂದ್ಲು" ಎಂದ ಅವನು. ದನಿ ಮೆತ್ತಗೇ ಇತ್ತು, ಭತ್ತ ಹಚ್ಚುವವರಿಗೆ ನಾಳೆ ಎಲ್ಲಿ ಕೂಡಬೇಕೆಂದು ಹೇಳುವ ದನಿ. "ಕುಣಿ ಇನ್ನಷ್ಟು ಆಳ ತೋಡಿದೆ. ಮ್ಯಾಲೆ ಮಣ್ಣು ಹಾಕಿ ತುಳದು ಸಾಪು ಮಾಡಿದೆ. ಮುಂಜಾನೆ ನೀವೆಲ್ಲ ಬಂದು ಅಜ್ಜನ್ನ ಇಟ್ರಿ. ಅಜ್ಜನ ಕೆಳಗ ಅದಾಳ."

ಮರದ ಕೆಳಗಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೋ ಬಾಯಲ್ಲಿದ್ದ ಎಲೆಯನ್ನು ಉಗುಳಿದರು. ಅಲ್ಲಿದ್ದವರೆಲ್ಲ ಆ ಕುಣಿಗೆ ಮೂರು ಮೂರು ಹಿಡಿ ಮಣ್ಣು ಹಾಕಿದವರೇ. ಓಡಿಹೋದವಳು, ಅಜ್ಜನ ಮಣ್ಣಿಗೂ ನಿಲ್ಲದವಳು ಎಂದು ಅವಳನ್ನೇ ಬೈಯುತ್ತ ಅವಳ ಮೇಲೆ ಮಣ್ಣು ಹಾಕಿದ್ದರು. ಗ್ಯಾನಮ್ಮನೂ ಹಾಕಿದ್ದಳು, ಬೈದಿದ್ದಳು. ಪ್ರತಿ ಅಮಾವಾಸ್ಯೆಗೆ ಅದೇ ಜಾಗದಲ್ಲಿ ಕಾಯಿ ಒಡೆದು, ಮಾವನ ಹೆಸರಿನಲ್ಲಿ ಎಡೆ ಇಟ್ಟು, ನನ್ನ ಮಗಳು ಎಲ್ಲಿದ್ದಾಳೆ ತೋರಿಸು ಎಂದು ಬೇಡಿಕೊಂಡಿದ್ದಳು. ಕಾಲ ಬುಡದಲ್ಲೇ ಇದ್ದಳು ಮಗಳು.

ಕಿರುಚಬೇಕಿತ್ತು, ಅವನ ಮೇಲೆ ಬೀಳಬೇಕಿತ್ತು. ಅವಳಿಂದ ಆಗಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಕೂತಳು. ಮಹಾಲಕ್ಷ್ಮಿ ತಂದ ನೀರನ್ನು ಪೂರ್ತಿ ಕುಡಿದಳು.

ಅಮೀನ್‌ಸಾಬ್ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. "ಸಾಹೇಬ್ರಿಗೆ ತಿಳಸ್ತೀನಿ ಬೇ ಯವ್ವ" ಎಂದರು. "ತಹಸೀಲ್ದಾರ್ರು ಬರಬೇಕಾಗ್ತದ. ಅವರ ಮುಂದನ ತಗಸ್ತಾರ. ಅಲ್ಲೀಮಟ ಆ ಜಾಗಾ ಯಾರೂ ಮುಟ್ಟಬ್ಯಾಡ್ರಿ."

ಕೊಟ್ಟ ಮಾತಿನಂತೆ ನಾಲ್ವರು ಸಿದಿಗಿಗೆ ಹೆಗಲು ಕೊಟ್ಟರು. ಹಲಗೆ ಬಾರಿಸಲಿಲ್ಲ, ಭಜನೆ ಹಾಡಲಿಲ್ಲ. ಹೋಗಲು ಬೇರೆ ದಾರಿಯಿಲ್ಲದ್ದರಿಂದ ಗದ್ದೆಪ್ಪನ ಸಮಾಧಿಯ ಪಕ್ಕದಲ್ಲೇ ಹಾದುಹೋದರು. ಅಲ್ಲಿ ಎಲ್ಲರ ಹೆಜ್ಜೆಯೂ ನಿಧಾನವಾಯಿತು. ಗ್ಯಾನಮ್ಮ ನಿಲ್ಲಲಿಲ್ಲ. ನಿಂತರೆ ಮುಂದೆ ನಡೆಯಲಾರೆ ಎಂದು ಗೊತ್ತಿತ್ತು, ಬಸ್ಸಮ್ಮನ ಕೆಲಸ ಇನ್ನೂ ಬಾಕಿ ಇತ್ತು.

ಹೆಣವನ್ನು ಕುಣಿಗೆ ಇಳಿಸಿದರು. ಕರಿಬಸಯ್ಯ ಮಂತ್ರ ಹೇಳಿ ಮುಗಿಸಿದರು. ಮೊದಲ ಮಣ್ಣು ಮಗನದು. ಮಾಳಿಂಗರಾಯ ಬೇಡಿಯ ಕೈಗಳನ್ನು ಅಮೀನ್‌ಸಾಬರ ಮುಂದೆ ಚಾಚಿದ. ಅವರು ಜೇಬಿನಿಂದ ಕೀಲಿ ತೆಗೆದರು.

"ಬಿಚ್ಚಬ್ಯಾಡ್ರಿ" ಎಂದಳು ಗ್ಯಾನಮ್ಮ.

ಅವಳ ದನಿ ಏರಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

"ಇವನ ಕೈಯಿಂದ ಇನ್ನ ಯಾರಿಗೂ ಮಣ್ಣು ಬೀಳಬಾರದು. ಬಸ್ಸವ್ವಗೂ ಬ್ಯಾಡ."

"ಚಿಗವ್ವ" ಎಂದ ಮಾಳಿಂಗರಾಯ. ಆ ಮೆತ್ತಗಿನ ದನಿ ಮೊದಲ ಸಲ ಒಡೆಯಿತು. "ಹೇಳೀನಲ್ಲ. ಅಕಿ ನಮ್ಮವ್ವ ಅದಾಳ. ಒಂದು ಹಿಡಿ. ನಿನ್ನ ಕಾಲು ಹಿಡಕೋತೀನಿ."

"ಅಕಿಗೆ ಮಣ್ಣು ಸಿಗತೈತಿ. ನಿನ್ನ ಕೈಯಿಂದ ಅಲ್ಲ."

ಅಮೀನ್‌ಸಾಬ್ ಕರಿಬಸಯ್ಯನ ಮುಖ ನೋಡಿದರು. ಕರಿಬಸಯ್ಯ ದೈವದವರ ಕಡೆ ನೋಡಿದರು. ಕೀಲಿ ಮತ್ತೆ ಜೇಬಿಗೆ ಹೋಯಿತು. ಗಲ್ಲು ಎಂದಾಗ ಕಣ್ಣು ಪಿಳುಕಿಸದೆ ನಿಂತವನು ಈಗ ಮೊಣಕಾಲೂರಿ ಬಿದ್ದು, ಬೇಡಿಯ ಕೈಗಳಿಂದಲೇ ಮಣ್ಣು ಗೋರಲು ಹೋದ. ಇಬ್ಬರು ಪೊಲೀಸರು ರಟ್ಟೆ ಹಿಡಿದು ಹಿಂದಕ್ಕೆಳೆದರು. "ಯವ್ವಾ, ಯವ್ವಾ" ಎಂದು ಅವನು ಕರೆಯುತ್ತಿದ್ದದ್ದು ವ್ಯಾನಿನ ಬಾಗಿಲು ಮುಚ್ಚುವ ತನಕ ಕೇಳಿಸಿತು. ಗ್ಯಾನಮ್ಮನಿಗೆ ಅದರಿಂದ ಖುಷಿಯಾಗಲಿಲ್ಲ. ಕರುಣೆಯೂ ಬರಲಿಲ್ಲ. ಮಗನ ಜಾಗದಲ್ಲಿ ನಿಂತು ಮೂರು ಹಿಡಿ ಮಣ್ಣು ಹಾಕಿ, ಉಳಿದವರಿಗೆ ದಾರಿ ಬಿಟ್ಟಳು.

ಮಣ್ಣಿಗೆ ಹೋದವರು ಮೈ ತೊಳೆದುಕೊಳ್ಳದೆ ಮನೆಯೊಳಗೆ ಕಾಲಿಡುವಂತಿಲ್ಲ. ಮಹಾಲಕ್ಷ್ಮಿ ಹಿತ್ತಲಲ್ಲಿ ಹಂಡೆ ತುಂಬ ನೀರು ಕಾಸಿ ಇಟ್ಟಿದ್ದಳು. ಗ್ಯಾನಮ್ಮ ಬಚ್ಚಲ ಕಲ್ಲಿನ ಮೇಲೆ ಕೂತು ತಲೆಯ ಮೇಲೆ ಸುರಿದುಕೊಂಡಳು. ಹಂಡೆ ಬರಿದಾಯಿತು. ಸೊಸೆ ಒಣಗಿದ ಸೀರೆ ತಂದು ಹಿಡಿದಳು. ಗ್ಯಾನಮ್ಮ ಎದ್ದೇಳಲಿಲ್ಲ.

"ಇನ್ನೊಂದು ಹಂಡೆ ಕಾಸು ಬೇ ಮಹಾಲಕ್ಷ್ಮಿ."

"ಯಾಕತ್ತಿ, ನೀರು ಸಾಲಲಿಲ್ಲೇನು?"

"ಇದು ಬಸ್ಸವ್ವನ ಮಣ್ಣಿಂದು. ಅವತ್ತು ಜೋಗವ್ವನ ಮಣ್ಣಿಗೆ ಹೋಗಿ ಬಂದಿದ್ದು ಇನ್ನೂ ಮಿಂದಿಲ್ಲ ನಾನು."

ಮಹಾಲಕ್ಷ್ಮಿ ಸೀರೆಯನ್ನು ಗಳದ ಮೇಲೆ ಹಾಕಿ, ಕೊಡ ತೆಗೆದುಕೊಂಡು ನಳದ ಕಡೆ ಹೋದಳು.