ಮೇಷ್ಟ್ರ ಕಿವಿ

ನನ್ನ ಮಗಳು ರಾಗಿಣಿಗೆ ಮಳೆಯ ಹುಚ್ಚು. ಮಳೆ ಬಂದರೆ ಎಲ್ಲರೂ ಒಳಗೆ ಓಡಿದರೆ ಇವಳು ಟೆರೇಸಿಗೆ ಓಡುತ್ತಿದ್ದಳು, ಎಷ್ಟು ಮಿಲಿಮೀಟರ್ ಬಿತ್ತೆಂದು ಅಳೆಯುವುದಕ್ಕೆ. ಹವಾಮಾನ ವಿಜ್ಞಾನವನ್ನೇ ಓದಬೇಕೆಂದು ಪಿಯುಸಿ ಎರಡೂ ವರ್ಷ ಒಂದೇ ಹಟ. ಯಾವ ಕಾಲೇಜಿನಲ್ಲಿ ಬಲೂನು ಹಾರಿಸಿ ಮೇಲಿನ ಗಾಳಿ ಅಳೆಯಲು ಕಲಿಸುತ್ತಾರೆ, ಎಲ್ಲಿ ಬರೀ ಪುಸ್ತಕದ ಬದನೆಕಾಯಿ ಎಂದು ಅಲ್ಲಿ ಓದುವವರಿಗೇ ಫೋನ್ ಮಾಡಿ ವಿಚಾರಿಸಿದಳು. ಕೊನೆಗೆ ಆರಿಸಿದ್ದು ಕೇರಳದ ಕಡಲತೀರದ ಒಂದು ಕಾಲೇಜು. ಪ್ರವೇಶ ಪರೀಕ್ಷೆ ಬರೆದಳು, ಸೀಟೂ ಸಿಕ್ಕಿತು.

ನಾನು ಸೇತುರಾಮ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಲ್ಲರೆದುರು ಮಗಳ ಬೆನ್ನು ತಟ್ಟಿದೆ. ಒಳಗೊಳಗೇ ಅವಳು ಹೋಗುವುದು ನನಗೆ ಬೇಡವಾಗಿತ್ತು. ಹೆಂಡತಿ ಪುಟ್ಟಲಕ್ಷ್ಮಿ ತೀರಿಕೊಂಡು ಎರಡು ವರ್ಷ; ಬಸವೇಶ್ವರನಗರದ ಮನೆಯಲ್ಲಿ ನಾವಿಬ್ಬರೇ. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ. ಅಂದಿದ್ದರೆ ಜಗಳವಾಗುತ್ತಿತ್ತು, ಅಷ್ಟೇ. ಅದೇ ಎಷ್ಟೋ ವಾಸಿಯಾಗಿತ್ತು.

ಸೀಟು ಒಪ್ಪಿಕೊಳ್ಳಲು ಕೊನೆಯ ದಿನ ಸಂಜೆ ಐದರವರೆಗೆ ಸಮಯವಿತ್ತು. ಅಂಕಪಟ್ಟಿ ಸ್ಕ್ಯಾನ್ ಮಾಡಿಸಿ ಅಲ್ಲಿಂದಲೇ ಕಳಿಸುತ್ತೇನೆಂದು ರಾಗಿಣಿ ಹೊಸಹಳ್ಳಿ ಮೆಟ್ರೋ ಹತ್ತಿರದ ಸೈಬರ್ ಅಂಗಡಿಗೆ ಹೋದಳು. ಅರ್ಜಿಯಲ್ಲಿ ಕೊಟ್ಟಿದ್ದು ನನ್ನ ನಂಬರು. ನಾಲ್ಕೂ ಮುಕ್ಕಾಲಿಗೆ ನನ್ನ ಮೊಬೈಲಿಗೆ ಓಟಿಪಿ ಬಂತು. ಹಿಂದೆಯೇ ಗುರುತಿಲ್ಲದ ನಂಬರಿನಿಂದ ಫೋನು.

"ಅಪ್ಪ, ನನ್ ಮೊಬೈಲ್ ಚಾರ್ಜ್ ಹೋಗಿದೆ, ಅಂಗಡಿಯವ್ರ ಫೋನಿಂದ ಮಾಡ್ತಾ ಇದೀನಿ. ಓಟಿಪಿ ಹೇಳು ಬೇಗ!"

ಹದಿನೆಂಟು ವರ್ಷ ಕೇಳಿದ ಧ್ವನಿ. ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತೇನೆ.

"ಯಾರ್ರೀ ನೀವು? ಓಟಿಪಿ ಎಲ್ಲಾ ಯಾರ್ಗೂ ಹೇಳಲ್ಲ," ಎಂದೆ.

"ನಾನು ಕಣಪ್ಪ, ರಾಗಿಣಿ! ಟೈಮ್ ಇಲ್ಲ ಅಪ್ಪ, ಪ್ಲೀಸ್..." ಅಳುತ್ತಿದ್ದಳು.

"ಮಕ್ಕಳ ಧ್ವನೀಲೇ ಮೋಸ ಮಾಡ್ತಾರೆ, ಪೇಪರಲ್ಲಿ ಓದಿದೀನಿ," ಎಂದು ಇಟ್ಟೆ. ಮೊಬೈಲ್ ಆಫ್ ಮಾಡಿದೆ. ನಾನೇ ಮಾಡಿದೆ, ಬೇಕೆಂದೇ ಮಾಡಿದೆ.

ಐದೂ ಕಾಲಿಗೆ ಓಡಿ ಬಂದವಳು ಬಾಗಿಲಲ್ಲೇ ಕುಸಿದು ಕೂತಳು. "ನಿನ್ ಧ್ವನಿ ಅಂತ ಗೊತ್ತಾಗ್ಲಿಲ್ಲ ಪುಟ್ಟಿ," ಎಂದೆ. ನಂಬಿದಳು. ಮರುದಿನ ಫೋನ್ ಮಾಡಿ ಕೇಳಿದರೆ, ಸೀಟು ಮುಂದಿನವರಿಗೆ ಹೋಯಿತೆಂದರು.

ಈಗ ವಿಜಯನಗರದ ಒಂದು ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದ್ದಾಳೆ. ಟೆರೇಸಿಗೆ ಹೋಗುವುದಿಲ್ಲ. ನನ್ನ ಮೇಲೆ ಚೂರೂ ಸಿಟ್ಟಿರಲಿಲ್ಲ. ಅಪ್ಪನ ಕಿವಿ ಮಂದವಾಗಿದೆಯೆಂದು ಚಿಂತೆ ಹಚ್ಚಿಕೊಂಡಳು. ಹತ್ತಿರ ಬಂದು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಕಿವಿ ಚೆನ್ನಾಗಿದೆ ಎಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆಂದು ಸುಮ್ಮನಿದ್ದೆ.

ಹೋದ ಶನಿವಾರ ಸ್ಕೂಟರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದಳು. ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು ಎಂದರು. ಒತ್ತದೇ ಇದ್ದುಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಗಾಜಿನಾಚೆ ರಾಗಿಣಿ ಕೈಮುಗಿದು ಕೂತಿದ್ದಳು, ಅಪ್ಪನಿಗೆ ಏನೂ ಆಗದಿರಲೆಂದು. ನೋಡಲಾಗಲಿಲ್ಲ. ಕೇಳಿಸಿದ್ದಕ್ಕೆಲ್ಲ ಒತ್ತಿದೆ.

"ನಿಮ್ಮ ತಂದೆ ಕಿವಿ ಫಸ್ಟ್ ಕ್ಲಾಸಾಗಿದೆ ಕಣಮ್ಮ," ಎಂದರು ಡಾಕ್ಟರು.

"ಅಬ್ಬಾ!" ಎಂದು ನಕ್ಕಳು. ಮರುಕ್ಷಣ ಆ ನಗು ನಿಂತಿತು. ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿದೆ.

ಹೊರಗೆ ಸ್ಕೂಟರಿನ ಹತ್ತಿರ ಬಂದ ಮೇಲೆ ಕೇಳಿದಳು: "ಅಪ್ಪ, ಅವತ್ತು ನಾನು ಅಳ್ತಾ ಇದ್ದಿದ್ದೂ ಕೇಳಿಸ್ತಾ?"

"ಕೇಳಿಸ್ತು."

ಹೆಲ್ಮೆಟ್ ಹಾಕಿಕೊಂಡಳು. ನಾನು ಹಿಂದೆ ಹತ್ತಿ ಸರಿಯಾಗಿ ಕೂರುವವರೆಗೂ ಕಾದು ಗಾಡಿ ಬಿಟ್ಟಳು. ಹೆಲ್ಮೆಟ್ಟಿನೊಳಗೆ ಅವಳು ಅಳುತ್ತಿದ್ದದ್ದು ಮನೆ ಬರುವವರೆಗೂ ಕೇಳಿಸುತ್ತಲೇ ಇತ್ತು.