ಹಸಿರು ಬಿಲ್ಲೆ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಬಚ್ಚಲುಮನೆಯಲ್ಲಿ ಆ ಬಕೆಟ್ ಕಣ್ಣಿಗೆ ಬಿತ್ತು. ಒಳಗೆ ನನ್ನ ಗಂಡನ ಕೆಲಸದ ಪ್ಯಾಂಟು. ಅವರು ಸಾಯುವ ಹಿಂದಿನ ದಿನ ನೆನೆಹಾಕಿದ್ದೆ. ಅಷ್ಟು ಜನ ಬಂದುಹೋದರೂ ಯಾರೂ ಅದನ್ನು ಮುಟ್ಟಿರಲಿಲ್ಲ.

ನೀರಿನ ಮೇಲೆ ನೊರೆ ಕಟ್ಟಿತ್ತು. ಸೋಪಿನ ನೊರೆಯಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟ್ ತಯಾರಿಸುವ ಕಾರ್ಖಾನೆಯಲ್ಲಿ ಅವರು ತೊಟ್ಟಿ ತೊಳೆಯುತ್ತಿದ್ದರು. ಬಟ್ಟೆಗೆ ಮೆತ್ತಿದ್ದ ಪಾಕದಲ್ಲಿ ಯೀಸ್ಟ್ ಇನ್ನೂ ಬದುಕಿತ್ತು. ಒಂದೊಂದೇ ಗುಳ್ಳೆ ಮೇಲೆ ಬಂದು ಒಡೆಯುತ್ತಿತ್ತು. ಆ ಗುಳ್ಳೆಯೊಳಗಿನ ಅನಿಲ ಯಾವುದೆಂದು ನನಗೆ ಗೊತ್ತು. ಇಂಗಾಲದ ಡೈಆಕ್ಸೈಡ್. ಗಾಳಿಗಿಂತ ಭಾರ. ಕಣ್ಣಿಗೆ ಕಾಣುವುದಿಲ್ಲ. ತೊಟ್ಟಿಯ ತಳದಲ್ಲಿ ನೀರಿನ ಹಾಗೆ ನಿಂತಿರುತ್ತದೆ. ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ.

ಬಕೆಟ್ ಬಗ್ಗಿಸಿ ನೀರು ಚೆಲ್ಲಿದೆ. ಮಕ್ಕಳಿಗೆ ಡಬ್ಬಿ ಕಟ್ಟಿ ಶಾಲೆಗೆ ಬಿಟ್ಟು ಬಂದೆ. ಮನೆಯಲ್ಲಿ ಕಾರ್ಖಾನೆಯ ಸೂಪರ್‌ವೈಸರ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅತ್ತೆ ಟೀ ಕೊಟ್ಟಿದ್ದರು.

"ನಿಮ್ಮ ಯಜಮಾನ್ರು ಯಾವಾಗ್ಲೂ ಹೇಳೋರಮ್ಮ. ನನ್ನ ಹೆಂಡ್ತಿ ಕೆಮಿಸ್ಟ್ರಿ ಎಂಎಸ್ಸಿ, ನಾನು ಕೆಸರು ಎಂಎಸ್ಸಿ ಅಂತ." ನಗಲು ಹೋಗಿ ನಿಲ್ಲಿಸಿದ. "ಒಂದು ಕೆಲಸ ಇದೆ. ಪಾರ್ಟ್‌ಟೈಮ್. ಮಕ್ಕಳನ್ನ ಶಾಲೆಗೆ ಬಿಟ್ಟು ಬನ್ನಿ, ಅವರು ಬರೋ ಹೊತ್ತಿಗೆ ಮನೇಲಿರಿ. ನಿಮ್ಮ ಯಜಮಾನ್ರಿಗೆ ಕೊಡ್ತಿದ್ದದ್ದರ ಎರಡರಷ್ಟು ಸಂಬಳ."

ಚಿಕ್ಕವನು ಶಾಲೆಗೆ ಸೇರಿದ ದಿನದಿಂದ ಇಂಥದೇ ಕೆಲಸ ಹುಡುಕಿದ್ದೆ. ಲ್ಯಾಬು, ಔಷಧಿ ಕಂಪನಿ, ಕಾಲೇಜು. ಎಲ್ಲ ಕಡೆಯೂ ಒಂದೇ ಪ್ರಶ್ನೆ, ಇಷ್ಟು ವರ್ಷ ಏನು ಮಾಡ್ತಿದ್ರಿ? ಮಕ್ಕಳನ್ನು ಸಾಕುತ್ತಿದ್ದೆ ಎಂದರೆ ಗಡಿಯಾರ ನೋಡುತ್ತಿದ್ದರು. ನನ್ನ ಗಂಡ ರೇಗಿಸುತ್ತಿದ್ದರು. "ಕೆಲಸ ಕಡಿಮೆ, ಸಂಬಳ ಜಾಸ್ತಿ. ಅಂಥದ್ದು ಸಿಕ್ಕಿದ್ರೆ ಮೊದಲು ನನಗೆ ಹೇಳೇ, ನಾನೇ ಸೇರ್ಕೋತೀನಿ."

"ಏನು ಮಾಡ್ಬೇಕು?" ಎಂದೆ.

"ಗಾಳಿ ನೋಡ್ಬೇಕು, ಅಷ್ಟೇ. ಮೀಟರ್ ಇದೆ. ನೋಡಿ, ಗಾಳಿ ಸರಿಯಿದೆ ಅಂತ ತೊಟ್ಟಿ ಬಾಯಿಗೆ ಹಸಿರು ಬಿಲ್ಲೆ ತಗಲಿಹಾಕಿದ್ರೆ ಮುಗೀತು. ಬಿಲ್ಲೆ ಇಲ್ದೆ ಯಾರೂ ಇಳಿಯೋ ಹಾಗಿಲ್ಲ."

"ಅವತ್ತು ಬಿಲ್ಲೆ ಇತ್ತಾ?"

ಅವನು ಲೋಟ ಕೆಳಗಿಟ್ಟ. "ಇತ್ತಮ್ಮ. ಹಾಕಿದವಳನ್ನ ಪೊಲೀಸರು ಕರ್ಕೊಂಡು ಹೋದ್ರಲ್ಲ. ಜವಾಬ್ದಾರಿ ಇಲ್ಲದ ಹೆಂಗಸು."

ಅವನು ಹೋದ ಮೇಲೆ ಅತ್ತೆ ಲೋಟ ತೊಳೆಯುತ್ತ ಹೇಳಿದರು. "ನನ್ನ ಮಗನ್ನ ತಿಂದ ಜಾಗ ಅದು." ಲೋಟ ಬೋರಲು ಹಾಕಿದರು. "ಬಾಡಿಗೆ ಯಾರು ಕಟ್ತಾರೆ? ಹೋಗಮ್ಮ."

ಹೋದೆ.

ನನಗೆ ಕೊಟ್ಟ ಮೇಜಿನ ಡ್ರಾಯರಿನಲ್ಲಿ ಒಂದು ಕೂದಲ ಕ್ಲಿಪ್ಪು ಇತ್ತು, ಪುಟ್ಟ ಹುಡುಗಿಯರು ಹಾಕುವಂಥದ್ದು. ಅರ್ಧ ಉಳಿದ ಬಿಸ್ಕತ್ತಿನ ಪೊಟ್ಟಣ. ಹಿಂದಿನವಳದು. ಅವಳೂ ಶಾಲೆ ಬಿಡುವ ಹೊತ್ತಿಗೆ ಓಡುತ್ತಿದ್ದವಳು.

ಮೀಟರ್ ಕೈಗೆತ್ತಿಕೊಂಡೆ. ಇಪ್ಪತ್ತೊಂದು ಎಂದು ತೋರಿಸಿತು. ಒಳ್ಳೆಯ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು ಪಾಲು. ಸರಿ. ಮೀಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅದರ ಬಾಯಿ ತುಟಿಗೆ ಒತ್ತಿಹಿಡಿದು ಉಸಿರು ಬಿಟ್ಟೆ, ಮತ್ತೆ ಬಿಟ್ಟೆ. ಮನುಷ್ಯರು ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಕಡಿಮೆ. ಅಂಕಿ ಇಳಿಯಲೇಬೇಕು. ಇಳಿಯಲಿಲ್ಲ. ಇಪ್ಪತ್ತೊಂದು.

"ಸರ್, ಇದು ಕೆಟ್ಟಿದೆ," ಎಂದೆ ಸೂಪರ್‌ವೈಸರ್ ಕೋಣೆಗೆ ಹೋಗಿ.

"ನಂಬರ್ ಬರ್ತಿದೆಯಲ್ಲ?"

"ಯಾವಾಗ್ಲೂ ಅದೇ ಬರ್ತಿದೆ."

"ಒಳ್ಳೇದೇ ಆಯ್ತು ಬಿಡಿ!" ಎಂದು ನಕ್ಕ. ಆಮೇಲೆ ಬಾಗಿಲು ಮುಂದೆ ಮಾಡಿದ. "ಅಮ್ಮ, ಇಷ್ಟೇ ಹೊತ್ತಿನ ಕೆಲಸಕ್ಕೆ ಅಷ್ಟು ಸಂಬಳ ಸುಮ್ನೆ ಕೊಡ್ತಾರಾ? ನಾಳೆ ಐದನೇ ತೊಟ್ಟಿ ತೊಳೀಬೇಕು. ಬಿಲ್ಲೆ ಹಾಕಿ, ಮನೆಗೆ ಹೋಗಿ ಮಕ್ಕಳಿಗೆ ಹಾಲು ಕಾಯಿಸಿ."

ಐದನೇ ತೊಟ್ಟಿಗೇ ನನ್ನ ಗಂಡ ಅವತ್ತು ಇಳಿದದ್ದು.

ಆಗ ಲೆಕ್ಕ ಸರಿಹೋಯಿತು. ಯಾರಾದರೂ ಸತ್ತಾಗ ಪೊಲೀಸರಿಗೆ ಕೊಡಲು ಕಾರ್ಖಾನೆಗೆ ಒಬ್ಬಳು ಬೇಕು. ಓದಿರಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಮಕ್ಕಳಿರಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರುವುದಿಲ್ಲ.

ಹೊರಗೆ ಗೋಡೆಯ ನೆರಳಲ್ಲಿ ತೊಳೆಯುವವರು ಊಟಕ್ಕೆ ಕೂತಿದ್ದರು. ಅವರಲ್ಲಿ ಹಿರಿಯ ಮೈಕಣ್ಣ. ಮೈಕಿನಂಥ ದೊಡ್ಡ ಗಂಟಲಿಗೆ ಬಂದ ಹೆಸರು. ನನ್ನ ಗಂಡನನ್ನು ಹಗ್ಗ ಕಟ್ಟಿ ಮೇಲೆಳೆದವರು. ಆವತ್ತಿನಿಂದ ಆ ಗಂಟಲು ಇಂಗಿಹೋಗಿತ್ತು.

"ತಂಗೀ, ನಾಳೆ ಐದಕ್ಕೆ ಇಳಿಯೋದು ನಾನೇ. ಬಿಲ್ಲೆ ಹಾಕೋಳು ನೀನಂತೆ. ಈಗ ಧೈರ್ಯ ಬಂತು ನೋಡು."

"ಮೀಟರ್ ಬರೋ ಮುಂಚೆ ಹೇಗೆ ನೋಡ್ತಿದ್ರಿ ಅಣ್ಣಾ?" ಎಂದೆ.

"ಲಾಟೀನು ಇಳಿಬಿಡ್ತಿದ್ವಿ. ಉರಿದ್ರೆ ಇಳಿಯೋದು, ಆರಿದ್ರೆ ಬೀಡಿ ಸೇದೋದು."

"ಬೀಡಿ ಸೇದಿದ್ದೇ ಜಾಸ್ತಿ," ಪಕ್ಕದವನೆಂದ.

"ಅದಕ್ಕೇ ಮೀಟರ್ ತಂದ್ರು. ಲಾಟೀನು ಒಳಗೆ ತಂದ್ರೆ ಕೆಲಸ ಇಲ್ಲ ಅಂದ್ರು. ನನ್ನ ಲಾಟೀನನ್ನ ನಿನ್ನ ಗಂಡ ಕೇಳಿ ಇಸ್ಕೊಂಡು ಹೋದ, ಕರೆಂಟ್ ಹೋದಾಗ ಮಕ್ಕಳು ಓದೋಕೆ ಅಂತ. ನಿಮ್ಮನೇಲೇ ಇರ್ಬೇಕು."

ಇತ್ತು. ಅಡುಗೆಮನೆಯ ಅಟ್ಟದ ಮೇಲೆ. ಸಂಜೆ ಇಳಿಸಿ ಗಾಜಿನ ಮಸಿ ಒರೆಸಿದೆ. ಬತ್ತಿಯ ತುದಿ ಕತ್ತರಿಸಿದೆ. ಅತ್ತೆ ನೋಡುತ್ತಿದ್ದರು. ಎಲ್ಲ ಹೇಳಿದೆ.

"ಅದನ್ನ ಅಲ್ಲಿಗೆ ತಗೊಂಡು ಹೋದ್ರೆ ಕೆಲಸ ಇರಲ್ಲ, ಅಲ್ವಾ?"

"ಇರಲ್ಲ ಅತ್ತೆ."

ಅವರು ಮೊಮ್ಮಕ್ಕಳ ಕಡೆ ನೋಡಿದರು. ಎದ್ದು ಸೀಮೆಎಣ್ಣೆ ಡಬ್ಬ ತಂದು ನನ್ನ ಮುಂದಿಟ್ಟರು.

ಬೆಳಗ್ಗೆ ಗೇಟಿನ ಕಾವಲುಗಾರ ಚೀಲ ಮುಟ್ಟಿ ನೋಡಿದ. "ಏನಮ್ಮ ಇದು?"

"ನಮ್ಮನೆಯವರು ಇಸ್ಕೊಂಡಿದ್ದು. ವಾಪಸ್ ಕೊಡೋಕೆ."

ಸತ್ತವರ ಮಾತು. ಬಿಟ್ಟ.

ಐದನೇ ತೊಟ್ಟಿಯ ಬಾಯಿಯ ಸುತ್ತ ಎಲ್ಲರೂ ನಿಂತಿದ್ದರು. ಮೈಕಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದರು. ಸೂಪರ್‌ವೈಸರ್ ದೂರದಿಂದಲೇ ಕೂಗಿದ. "ಬಿಲ್ಲೆ ಎಲ್ಲಮ್ಮ? ಹೊತ್ತಾಯ್ತು!"

ಲಾಟೀನು ಹಚ್ಚಿ, ಹಗ್ಗ ಕಟ್ಟಿ ಇಳಿಬಿಟ್ಟೆ. ಎಲ್ಲರೂ ಬಗ್ಗಿದರು. ಅರ್ಧ ಇಳಿಯುವಷ್ಟರಲ್ಲಿ ಜ್ವಾಲೆ ಕುಗ್ಗಿತು. ಆರಿತು.

"ಗಾಳಿಗೆ ಆರಿದೆ ಅದು!" ಸೂಪರ್‌ವೈಸರ್ ಓಡಿ ಬಂದ. "ಇಲ್ಲಿ ಬೆಂಕಿ ತರೋಕೆ ಯಾರು ಹೇಳಿದ್ದು?"

"ತೊಟ್ಟಿಯೊಳಗೆ ಯಾವ ಗಾಳಿ ಬೀಸುತ್ತೆ ಸ್ವಾಮೀ?" ಮೈಕಣ್ಣನ ಗಂಟಲು ಗೇಟಿನವರೆಗೂ ಕೇಳಿಸಿತು. "ಇನ್ನೊಂದು ಸಲ ಹಚ್ಚು ತಂಗೀ."

ಹಚ್ಚಿದೆ. ಇಳಿಸಿದೆ. ಅದೇ ಜಾಗದಲ್ಲಿ ಆರಿತು. ಅದೇ ಹಗ್ಗಕ್ಕೆ ಮೀಟರ್ ಕಟ್ಟಿ ತಳದವರೆಗೆ ಬಿಟ್ಟು, ಕತ್ತಲಲ್ಲಿ ಹೊಳೆಯುತ್ತಿದ್ದ ಅಂಕಿಯನ್ನು ಎಲ್ಲರಿಗೂ ತೋರಿಸಿದೆ. ಇಪ್ಪತ್ತೊಂದು. ಬಿಟ್ಟ ಉಸಿರಿಗೂ, ಸಾಯಿಸುವ ತಳಕ್ಕೂ, ಅದರಲ್ಲಿ ಒಂದೇ ಅಂಕಿ.

ಯಾರೋ ಬ್ರಷ್ ಕೆಳಗಿಟ್ಟ ಸದ್ದಾಯಿತು. ಇನ್ನೊಂದು. ಮೈಕಣ್ಣ ಸೊಂಟದ ಗಂಟು ಬಿಚ್ಚತೊಡಗಿದರು.

ಸೂಪರ್‌ವೈಸರ್ ನನ್ನ ಹತ್ತಿರ ಬಂದ. ಮೆಲ್ಲಗೆ ಕೇಳಿದ. "ಮಕ್ಕಳ ನೆನಪಿದೆಯಾಮ್ಮ?"

"ಇದೆ." ಹಸಿರು ಬಿಲ್ಲೆಯನ್ನು ಅವನ ಮುಂದೆ ಹಿಡಿದೆ. "ಗಾಳಿ ಸರಿಯಿದೆ ಅಂದ್ರೆ ನೀವೇ ಹಾಕಿ ಸರ್."

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಎಲ್ಲರೂ ಅದನ್ನು ನೋಡಿದರು. ಬಿಲ್ಲೆಯನ್ನು ಅವನ ಕಾಲ ಬಳಿ ಇಟ್ಟೆ.

ಲಾಟೀನಿನ ಗಾಜು ಇನ್ನೂ ಬಿಸಿಯಾಗಿತ್ತು. ಸೆರಗಿನಲ್ಲಿ ಹಿಡಿದು ಮೈಕಣ್ಣನ ಕೈಗೆ ಕೊಟ್ಟೆ.

"ನಿಮ್ಮದು ಅಣ್ಣಾ. ವಾಪಸ್ ಕೊಡೋದು ತಡವಾಯ್ತು."