ಪೆಟ್ಟಿಗೆಯೊಳಗಿನ ಅಸಲು ಕಾರ್ಡು

ತಾಳಗುಂದದ ಕೊಟ್ರೇಶನ ಮನೆಯಲ್ಲಿ ಆವತ್ತು ಅಡುಗೆ ಆಗಿದ್ದರೂ ಯಾರಿಗೂ ಊಟ ಸೇರಲಿಲ್ಲ. ಹೈದರಾಬಾದಿನಲ್ಲಿರುವ ಮಗಳು ಚೈತ್ರಶ್ರೀಗೆ ಮರುದಿನ ಸಂಜೆ ಹೆರಿಗೆಯ ಆಪರೇಷನ್. ಮಗುವಿನ ಸುತ್ತ ನೀರು ಕಡಿಮೆಯಾಗಿದೆ, ತಡಮಾಡುವಂತಿಲ್ಲ ಎಂದಿದ್ದರು ಡಾಕ್ಟರು.

"ಅವ್ವಾ, ನಂಗೆ ಹೆದ್ರಿಕೆ ಆಗ್ತೈತಿ. ನೀನು ಬಂದುಬಿಡು" ಎಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಅಳಿಯ ಶಿವಮೊಗ್ಗದಿಂದ ವಿಮಾನದ ಟಿಕೆಟ್ ಮಾಡಿಸಿದ. ಸಿಕ್ಕಿದ್ದು ಒಂದೇ ಸೀಟು. ಶಿಕಾರಿಪುರದ ಸಂತೆಗೂ ಒಬ್ಬಳೇ ಹೋಗದ ಕೊಟ್ರೇಶನ ಹೆಂಡತಿ ರಾಜೇಶ್ವರಮ್ಮ ಈಗ ಒಬ್ಬಳೇ ವಿಮಾನ ಹತ್ತಬೇಕು.

ವಿಷಯ ತಿಳಿದು ಪಕ್ಕದ ಮನೆಯ ವಾಣಿಶ್ರೀ ಬಂದಳು. ಅತ್ತೆಯನ್ನು ಚಿಕಿತ್ಸೆಗೆಂದು ವಿಮಾನದಲ್ಲಿ ಕರೆದೊಯ್ದು ಬಂದವಳು ಅವಳು.

"ಅಕ್ಕಾ, ಗುರುತಿನ ಕಾರ್ಡು ಇಟ್ಕೊಂಡ್ರಾ?"

ರಾಜೇಶ್ವರಮ್ಮ ಆಧಾರ್‌ನ ಜೆರಾಕ್ಸ್ ತೋರಿಸಿದಳು.

"ಇದು ನಡೆಯಂಗಿಲ್ಲ. ಅಸಲು ಬೇಕು."

"ಅಸಲು ಪೆಟ್ಟಿಗೆ ಬಿಟ್ಟು ಹೊರಗೆ ಹೋಗಂಗಿಲ್ಲ" ಎಂದ ಕೊಟ್ರೇಶ.

ನಗಬೇಡಿ, ಅವನ ಭಯಕ್ಕೂ ಕಾರಣವಿತ್ತು. ಅವನ ಅಪ್ಪ ಹೊಲದ ಅಸಲು ಪತ್ರವನ್ನು ಯಾರದೋ ಕೈಗೆ ಕೊಟ್ಟು, ಅದು ಕಳೆದುಹೋಗಿ, ಸಾಯುವವರೆಗೂ ಕಚೇರಿ ಅಲೆದಿದ್ದ. ಅಂದಿನಿಂದ ಆ ಮನೆಯಿಂದ ಯಾವ ಕಾಗದವಾದರೂ ಹೊರಗೆ ಹೋಗುವುದು ಜೆರಾಕ್ಸ್ ಮಾತ್ರ.

"ಅಣ್ಣಾ, ಆವತ್ತು ವಿಮಾನ ನಿಲ್ದಾಣದಲ್ಲಿ ನಮ್ಮ ಮುಂದೆ ನಿಂತಿದ್ದ ಯಜಮಾನ್ರ ಹತ್ರಾನೂ ಜೆರಾಕ್ಸೇ ಇತ್ತು. ಬಾಗಿಲಲ್ಲೇ ನಿಲ್ಲಿಸಿದ್ರು. ಕೈ ಮುಗಿದ್ರು, ಅತ್ರು. ವಿಮಾನ ಅವರನ್ನ ಬಿಟ್ಟು ಹೋಯ್ತು."

ರಾಜೇಶ್ವರಮ್ಮ ಗಂಡನ ಮುಖ ನೋಡಿದಳು.

"ನನ್ನ ಫೋನಲ್ಲಿ ಕಾರ್ಡಿನ ಫೋಟೋ ಐತಿ. ಅದನ್ನೇ ತೋರಿಸ್ಲಿ" ಎಂದ ಕೊಟ್ರೇಶ.

"ಬರೀ ಫೋಟೋ ಒಪ್ಪಲ್ಲಣ್ಣ. ಸರ್ಕಾರದ ಆ್ಯಪು ಡಿಜಿಲಾಕರ್‌ನಲ್ಲಿದ್ರೆ ನಡೀತಿತ್ತು. ಅಕ್ಕಂದು ಬಟನ್ ಫೋನಲ್ವಾ?"

"ಹಂಗಾರೆ ವೋಟಿನ ಕಾರ್ಡು ಒಯ್ಯಲಿ. ಅದು ಹೋದ್ರೆ ಹೋಗ್ಲಿ."

"ಅದೂ ಆಗ್ತೈತಿ. ಆದ್ರೆ ಹೆಸರು ಟಿಕೆಟ್ಟಿನಲ್ಲಿದ್ದಂಗೇ ಇರ್ಬೇಕು."

ತೆಗೆದು ನೋಡಿದರೆ ವೋಟಿನ ಕಾರ್ಡಿನಲ್ಲಿ ಇದ್ದದ್ದು ಮನೆಯವರು ಕರೆಯುವ ಹೆಸರು, ರಾಜಮ್ಮ. ಟಿಕೆಟ್ಟಿನಲ್ಲಿಯೂ ಆಧಾರ್‌ನಲ್ಲಿಯೂ ರಾಜೇಶ್ವರಮ್ಮ. ಉಳಿದದ್ದು ಪೆಟ್ಟಿಗೆಯೊಳಗಿನ ಆ ಅಸಲು ಒಂದೇ.

"ರೀ, ಕಾರ್ಡು ಹೋದ್ರೆ ಇನ್ನೊಂದು ಮಾಡಿಸಬೌದು" ಎಂದಳು ರಾಜೇಶ್ವರಮ್ಮ. "ಮಗಳಿಗೆ ಏನಾದ್ರೂ ಆದ್ರೆ?"

ಕೊಟ್ರೇಶ ಎದ್ದು ಪೆಟ್ಟಿಗೆಯ ಬೀಗ ತೆಗೆದ.

ಮರುದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವರು ಕೈ ಚಾಚಿದರು. ರಾಜೇಶ್ವರಮ್ಮ ಕಾರ್ಡು ಮುಂದೆ ಹಿಡಿದಳೇ ಹೊರತು ಬೆರಳು ಸಡಿಲಿಸಲಿಲ್ಲ.

"ಬಿಡಿ ಅಮ್ಮಾ, ನೋಡಿ ಕೊಡ್ತೀನಿ."

ಅವಳು ಕಾರ್ಡು ಬಿಟ್ಟಳು. ಹೊರಗೆ ನಿಂತಿದ್ದ ಕೊಟ್ರೇಶ ಕತ್ತು ಚಾಚಿ ನೋಡಿದ. ಕಾವಲಿನವರು ಟಿಕೆಟ್ ನೋಡಿದರು, ಕಾರ್ಡು ನೋಡಿದರು, ಮುಖ ನೋಡಿದರು. ಕಾರ್ಡು ಅವಳ ಕೈಗೇ ವಾಪಸ್ ಬಂತು. ಅದನ್ನು ಎತ್ತಿ ಗಂಡನಿಗೆ ತೋರಿಸಿ ಅವಳು ಒಳಗೆ ನಡೆದಳು.

ಸಂಜೆ ಆಪರೇಷನ್ ಕೋಣೆಯ ಬಾಗಿಲವರೆಗೂ ಚೈತ್ರಶ್ರೀ ಅವ್ವನ ಕೈ ಬಿಡಲಿಲ್ಲ. ಹೆಣ್ಣು ಮಗು, ಇಬ್ಬರೂ ಹುಷಾರು ಎಂದು ಫೋನು ಬಂದಾಗ ಕೊಟ್ರೇಶ ಅತ್ತುಬಿಟ್ಟ. ಕಾರ್ಡಿನ ವಿಷಯ ಕೇಳಲೇ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಫೋನು ನಿಮ್ಮ ಮನೆಗೂ ಬರಬಹುದು. ಆಧಾರ್, ವೋಟಿನ ಕಾರ್ಡು, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಇವುಗಳಲ್ಲಿ ಯಾವುದಾದರೂ ಒಂದರ ಅಸಲು ಸಾಕು. ಅದರಲ್ಲಿರುವ ಹೆಸರಿನಲ್ಲೇ ಟಿಕೆಟ್ ಮಾಡಿಸಿ. ನಿಮ್ಮ ಕಾರ್ಡುಗಳನ್ನು ಇವತ್ತೇ ತೆಗೆದು ನೋಡಿ. ಬಾಗಿಲಲ್ಲಿ ನಿಂತು ಎಷ್ಟೇ ಅತ್ತರೂ ವಿಮಾನ ಕಾಯುವುದಿಲ್ಲ.